ಹಿಮದಡಿಯ ಉಸಿರು ಯಾರ ಲೆಕ್ಕಕ್ಕೆ?

ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನ ಹಿಮದಡಿ ಆರು ದಿನ ಕಳೆದೂ ಜೀವಂತ ಸಿಕ್ಕಿದ ಸುದ್ದಿ 2016ರ ಫೆಬ್ರವರಿಯಲ್ಲಿ ಬಂದಾಗ, ಅದರ ಬೆನ್ನಿಗೇ ಇನ್ನೊಂದು ಮಾತೂ ಬಂತು. ಅವರು ಯೋಗಾಭ್ಯಾಸಿ, ಜೊತೆಯ ಸೈನಿಕರಿಗೂ ಕಲಿಸುತ್ತಿದ್ದರು ಎಂದು ಪತ್ರಿಕೆಗಳು ಬರೆದವು. ಪ್ರಾಣಾಯಾಮವೇ ಅವರನ್ನು ಉಳಿಸಿತು ಎಂದು ಜನ ಅದನ್ನು ಪೂರ್ತಿ ಮಾಡಿಕೊಂಡರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹನುಮಂತಪ್ಪ ತೀರಿಕೊಂಡರು. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅಂತಿಮ ದರ್ಶನ ಪಡೆದರು, ಬೆಟದೂರಿನಲ್ಲಿ ಮಣ್ಣು ಮಾಡಿದರು. ಉಸಿರಿನ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಯೋಗದ ಮಹಿಮೆ ಹೇಳುವವರ ಬಾಯಲ್ಲಿ ಅದು ಈಗಲೂ ಸಾಕ್ಷಿಯಾಗಿ ಬರುತ್ತದೆ.

ಸಾಕ್ಷಿ ಎಂದ ಮೇಲೆ ಪಾಟೀಸವಾಲೂ ಇರಬೇಕಲ್ಲ.

ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಮ್ ಠಾಣ್ಯದ ಮೇಲೆ ಹಿಮಗೋಡೆ ಕುಸಿದಾಗ ಅಲ್ಲಿದ್ದವರು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೂ ಇರುವುದಿಲ್ಲ. ಹಿಮದಲ್ಲಿ ಹೂತವರ ಬಗ್ಗೆ ಯುರೋಪಿನ ಆಲ್ಪ್ಸ್ ಪರ್ವತದಲ್ಲಿ ಕಲೆಹಾಕಿದ ಲೆಕ್ಕ ನಿರ್ದಯವಾದದ್ದು. ಮೊದಲ ಕಾಲು ಗಂಟೆಯೊಳಗೆ ಅಗೆದು ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಮೂವತ್ತೈದು ನಿಮಿಷ ದಾಟಿದರೆ ಹತ್ತರಲ್ಲಿ ಮೂವರು. ಆ ಮೂವರೂ ಬಹುಮಟ್ಟಿಗೆ ಮುಖದೆದುರು ಗಾಳಿಗೆ ಎಡೆ ಉಳಿದವರು. ಹನುಮಂತಪ್ಪ ಸಿಕ್ಕಿದ್ದು ಸುಮಾರು 25 ಅಡಿ ಕೆಳಗೆ. ಕುಸಿದ ಗುಡಾರದೊಳಗೆ ಗಾಳಿಗೆ ಜಾಗ ಉಳಿದಿತ್ತೆಂದು ಆಗಲೇ ವರದಿಯಾಗಿತ್ತು. ಮೈ ತಣಿದಂತೆ ಅದಕ್ಕೆ ಬೇಕಾಗುವ ಆಮ್ಲಜನಕವೂ ಇಳಿಯುತ್ತದೆ. ಕೊಲ್ಲುವ ಚಳಿ ಕೆಲಹೊತ್ತು ಕಾಯುವುದೂ ಉಂಟು. ಗುಡಾರ, ಚಳಿ, ಡಾಟ್ ಮತ್ತು ಮಿಶಾ ಎಂಬ ಹುಡುಕುನಾಯಿಗಳು, ಕಲ್ಲಿನಂಥ ಮಂಜುಗಡ್ಡೆ ಕೊರೆದ ಜೊತೆಗಾರರು: ಉಳಿದದ್ದಕ್ಕೆ ಇಷ್ಟು ಕಾರಣಗಳು ಕಣ್ಣೆದುರಿಗಿವೆ.

ಹಾಗಾದರೆ ಉಸಿರಿನ ಅಭ್ಯಾಸದ ಪಾತ್ರ ಸೊನ್ನೆಯೇ? ಹಾಗೆನ್ನಲೂ ನಾನು ಸಿದ್ಧನಿಲ್ಲ. 1961ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಬಿ.ಕೆ. ಆನಂದ್ ಮತ್ತು ಸಂಗಡಿಗರು ರಮಾನಂದ ಎಂಬ ಯೋಗಿಯನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂರಿಸಿ ಅಳೆದಿದ್ದರು. ಸುಮ್ಮನೆ ಮಲಗಿದ ಮನುಷ್ಯನಿಗೆ ಬೇಕಾಗುವುದಕ್ಕಿಂತಲೂ ಕಡಿಮೆ ಆಮ್ಲಜನಕದಲ್ಲಿ ಅವರು ಇರಬಲ್ಲವರಾಗಿದ್ದರು. ಇಕ್ಕಟ್ಟಿನಲ್ಲಿ ಸಿಕ್ಕವನು ಗಾಬರಿಯಿಂದ ಒದ್ದಾಡಿದರೆ ಇದ್ದ ಗಾಳಿ ಬೇಗ ಮುಗಿಯುತ್ತದೆ ಎನ್ನುವುದಕ್ಕಂತೂ ಪ್ರಯೋಗವೇ ಬೇಡ. ಆದರೆ ಆ ಪೆಟ್ಟಿಗೆಯ ಲೆಕ್ಕ ಗಂಟೆಗಳದ್ದು, ಇಲ್ಲಿಯದು ದಿನಗಳದ್ದು. ಅಲ್ಲಿ ಯೋಗಿ ಹೊರಬಂದು ಮಾತಾಡಿದರು. ಹನುಮಂತಪ್ಪ ಸಿಕ್ಕಾಗಲೇ ಮಂಪರಿನಲ್ಲಿದ್ದರು, ಬೇಗನೆ ಕೋಮಾಕ್ಕೆ ಜಾರಿದರು. ಹಿಮದಡಿಯಲ್ಲಿ ತಾನೇನು ಮಾಡಿದೆ ಎಂದು ಅವರು ಯಾರಿಗೂ ಹೇಳಲಿಲ್ಲ. ಹೇಳದ ಮಾತನ್ನು ಅವರ ಹೆಸರಿನಲ್ಲಿ ಹೇಳಿಸುತ್ತಿರುವವರು ನಾವು.

ನನ್ನ ತಕರಾರು ಬರೀ ವಿಜ್ಞಾನದ್ದಲ್ಲ. ಆ ಠಾಣ್ಯದಲ್ಲಿ ಇನ್ನೂ ಒಂಬತ್ತು ಜನ ಇದ್ದರು. ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್ ಅವರಲ್ಲಿದ್ದ ನಮ್ಮವರು. ಬದುಕಿದ್ದು ಉಸಿರಿನ ಸಾಧನೆಯಿಂದ ಎಂದರೆ, ಬದುಕದವರು ಸಾಧನೆಯಲ್ಲಿ ಹಿಂದುಳಿದವರೇ? ಹನುಮಂತಪ್ಪ ಕಲಿಸುತ್ತಿದ್ದದ್ದು ನಿಜವಾದರೆ ಕಲಿತವರೂ ಅಲ್ಲೇ ಇದ್ದಿರಬಹುದು. ಹೊಗಳಿಕೆಯ ಉಮೇದಿನಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ.

ಪವಾಡದ ಕಥೆ ಬಿಟ್ಟರೆ ಈ ಅಭ್ಯಾಸಕ್ಕೆ ಅದರದೇ ಗಟ್ಟಿ ಗುಣವಿದೆ, ಅದು ಹೆಚ್ಚು ಸಾದಾ. ಆಲ್ಪ್ಸ್‌ನ 4,559 ಮೀಟರ್ ಎತ್ತರದಲ್ಲಿ ಇಟಲಿಯ ಸಂಶೋಧಕರು ಆರೋಗ್ಯವಂತರನ್ನು ನಿಮಿಷಕ್ಕೆ ಆರರಂತೆ ನಿಧಾನವಾಗಿ, ಆಳವಾಗಿ ಉಸಿರಾಡಿಸಿದರು. ರಕ್ತದಲ್ಲಿನ ಆಮ್ಲಜನಕದ ಮಟ್ಟ ಶೇ 80ರ ಆಸುಪಾಸಿನಿಂದ ಸುಮಾರು ಶೇ 89ಕ್ಕೆ ಏರಿತು. ಔಷಧಿಯಿಲ್ಲದೆ ಇಷ್ಟು ಸಿಗುವುದು ಸಣ್ಣ ಮಾತಲ್ಲ. ಅಭ್ಯಾಸ ನಿಲ್ಲಿಸಿದ ಮೇಲೆ ಅದರ ಬಹುಪಾಲು ಇಳಿದುಹೋಯಿತು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಇದು ಕಾಲು ಗಂಟೆಯ ಆಸರೆ. ನಿದ್ದೆ ಹತ್ತದ ರಾತ್ರಿ, ಕಾವಲಿನ ಸರದಿಗೆ ಮೊದಲಿನ ಎದೆಬಡಿತ, ತಿಂಗಳುಗಟ್ಟಲೆ ಅದೇ ನಾಲ್ಕು ಮುಖ ನೋಡಿ ಹುಟ್ಟುವ ಸಿಡುಕು: ಸಿಯಾಚಿನ್‌ನ ಒತ್ತಡ ಬಹುಪಾಲು ಈ ಬಗೆಯದು. ಇಲ್ಲಿ ನಿಧಾನದ ಉಸಿರು ಕೆಲಸಕ್ಕೆ ಬರುತ್ತದೆ. 1984ರಲ್ಲಿ ರಾಕೇಶ್ ಶರ್ಮಾ ಸಲ್ಯೂತ್-7ರಲ್ಲಿ ಯೋಗ ಮಾಡಿದಾಗಲೂ ಅದನ್ನು ಪ್ರಯೋಗವೆಂದೇ ಕರೆದಿದ್ದರು. ಆ ವಿನಯ ನಮ್ಮ ಯೋಗ ಶಿಬಿರಗಳಿಗೂ ಒಪ್ಪುತ್ತದೆ.

ರಭಸದ ಉಸಿರಾಟದ ವಿಷಯ ಬೇರೆ. ಡಚ್ಚರ ವಿಮ್ ಹಾಫ್ ಹೆಸರಿನ ಪದ್ಧತಿ ಈಗ ಮೊಬೈಲಿನಲ್ಲಿ ನಮ್ಮ ಹುಡುಗರನ್ನೂ ತಲುಪಿದೆ. ಕಪಾಲಭಾತಿಯ ದೂರದ ನೆಂಟನಂತೆ ಕಾಣುವುದರಿಂದ ಬೇಗ ಒಗ್ಗುತ್ತದೆ. ಅದರ ಹೆಸರಾಂತ ಪುರಾವೆ 2014ರ ಅಧ್ಯಯನ. ತರಬೇತಿ ಪಡೆದ 12 ಮಂದಿಗೆ ಬ್ಯಾಕ್ಟೀರಿಯಾದ ವಿಷಾಂಶ ಚುಚ್ಚಿದಾಗ, ಪಡೆಯದ 12 ಮಂದಿಗಿಂತ ಅವರಲ್ಲಿ ಜ್ವರದ ಲಕ್ಷಣಗಳು ಕಡಿಮೆಯಿದ್ದವು. ಕುತೂಹಲದ ಫಲಿತಾಂಶವೇ ಸರಿ. ಆದರೆ ಅದು ಹಿಮದಲ್ಲಿ ಬದುಕುವುದರ ಪರೀಕ್ಷೆಯಾಗಿರಲಿಲ್ಲ. ರಭಸದಿಂದ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಖಾಲಿಯಾಗುತ್ತದೆ. ಉಸಿರು ಬೇಕು ಎಂದು ಮೈ ಕೂಗುವುದು ಆ ಅನಿಲ ಹೆಚ್ಚಿದಾಗಲೇ. ಆಮೇಲೆ ಉಸಿರು ಕಟ್ಟಿದರೆ, ಕೂಗು ಏಳುವ ಮೊದಲೇ ಆಮ್ಲಜನಕ ಇಳಿದು ಪ್ರಜ್ಞೆ ತಪ್ಪಬಹುದು. ನೀರಿನಲ್ಲಿ ಇದನ್ನು ಮಾಡಬೇಡಿ ಎಂದು ಆ ಪದ್ಧತಿಯವರೇ ಎಚ್ಚರಿಸುತ್ತಾರೆ. ಇದನ್ನು ಮೂರು ನಿಮಿಷದ ವಿಡಿಯೊ ನೋಡಿ ಕಲಿಯುವುದು ನನಗೆ ಸರಿಕಾಣುವುದಿಲ್ಲ.

ಧಾರವಾಡದ ಮೈದಾನಗಳಲ್ಲಿ ನಸುಕಿಗೇ 1.6 ಕಿ.ಮೀ. ಓಟದ ತಾಲೀಮು ನಡೆಸುವ, ಸೇನೆ ಸೇರುವ ಕನಸಿನ ಹುಡುಗರಿಗೆ ತರಬೇತುದಾರರು ಕಲಿಸುವುದು ಒಂದೇ: ಸಹಿಸು, ನಿಲ್ಲಬೇಡ. ಭರ್ತಿಗೆ ಅದು ಸಾಕು. ಎತ್ತರಕ್ಕೆ ಅದೇ ಮುಳ್ಳಾಗಬಹುದು. 1962ರ ಯುದ್ಧದ ಹೊತ್ತಿಗೆ ಬಯಲಿನಿಂದ ತರಾತುರಿಯಲ್ಲಿ ಗಡಿಯ ಎತ್ತರಕ್ಕೆ ಏರಿಸಿದ ಸೈನಿಕರು ಕಟ್ಟುಮಸ್ತಾದವರೇ. ಆದರೂ ಪುಪ್ಪುಸದಲ್ಲಿ, ಮಿದುಳಿನಲ್ಲಿ ನೀರು ತುಂಬಿ ಮಲಗಿದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಎತ್ತರದ ಕಾಯಿಲೆಗೆ ತುತ್ತಾದ 1,925 ಸೈನಿಕರ ವಿವರಗಳನ್ನು 1969ರಲ್ಲಿ ದಾಖಲಿಸಿದರು. ಮೈಕಟ್ಟಾಗಲಿ ಗುಂಡಿಗೆಯಾಗಲಿ ಅದನ್ನು ತಡೆಯುವುದಿಲ್ಲ. ತಡೆಯುವುದು ನಿಧಾನ. ಅದಕ್ಕೇ ಸೇನೆ ಈಗ 9,000 ಅಡಿಯಿಂದ ಮೇಲೆ ಹಂತಹಂತವಾಗಿ, ಆರು ದಿನ, ನಾಲ್ಕು ದಿನ, ಮತ್ತೆ ನಾಲ್ಕು ದಿನ ನಿಲ್ಲಿಸಿ ಏರಿಸುತ್ತದೆ.

ಈ ಹದಿನಾಲ್ಕು ದಿನಗಳಲ್ಲಿ ತಲೆ ಸಿಡಿಯುತ್ತಿದೆ, ಕೂತಾಗಲೂ ಏದುಸಿರು ಬರುತ್ತಿದೆ ಎಂದು ಮೇಲಿನವರಿಗೆ ಮೊದಲು ಹೇಳಿದವನೇ ಬದುಕುವ ಸಂಭವ ಹೆಚ್ಚು. ಕಣ್ಣು ಮುಚ್ಚಿ ಉಸಿರಿನ ಮೇಲೆ ಮನಸ್ಸಿಟ್ಟು ಆ ಲಕ್ಷಣಗಳನ್ನು ಗೆಲ್ಲುತ್ತೇನೆಂದು ಕೂತವನನ್ನು ರಾತ್ರೋರಾತ್ರಿ ಕೆಳಗಿಳಿಸಬೇಕಾಗುತ್ತದೆ, ಹೆಲಿಕಾಪ್ಟರ್ ಹಾರುವಂತಿದ್ದರೆ. ಮೈಯೊಳಗಿನ ಸಣ್ಣ ಏರುಪೇರನ್ನೂ ಗುರುತಿಸಲು ಕಲಿಸುವುದು ಯೋಗದ ಕೈಯಲ್ಲೇ ಇದೆ. ಗುರುತಿಸಿದ್ದನ್ನು ಒಳಗೇ ಅದುಮಿಡದೆ ನಾಚಿಕೆಬಿಟ್ಟು ಬಾಯಿಬಿಟ್ಟು ಹೇಳುವುದನ್ನೂ ಕಲಿಸುವ ಶಿಬಿರ ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.