ಆರೂವರೆಯ ಗೆರೆ ಮತ್ತು ‘ಕಿರುಕುಳ’ ಎಂಬ ಪದ

ಕತೆ, ಕವಿತೆಗಳನ್ನು ಸಾಲು ಸಾಲಾಗಿ ಬಿಡಿಸಿ ಓದುವ ನಾವು ಸುತ್ತೋಲೆಗಳನ್ನು ಹಾಗೆ ಓದುವುದಿಲ್ಲ. ಸಹಿ, ಮೊಹರು ನೋಡಿ ಮಡಚಿಡುತ್ತೇವೆ. ಆದರೆ ವಿಶ್ವವಿದ್ಯಾಲಯವೊಂದು ತನ್ನ ವಿದ್ಯಾರ್ಥಿನಿಯರನ್ನು ಏನೆಂದು ತಿಳಿದುಕೊಂಡಿದೆ ಎಂಬುದು ಘಟಿಕೋತ್ಸವದ ಭಾಷಣದಲ್ಲಿ ಸಿಗುವುದಕ್ಕಿಂತ ಸ್ಪಷ್ಟವಾಗಿ ಅದರ ಸುತ್ತೋಲೆಯಲ್ಲಿ ಸಿಗುತ್ತದೆ. ಅಂಥದೊಂದು ಸುತ್ತೋಲೆಯನ್ನೂ ಅದಕ್ಕೆ ಎದುರಾಗಿ ಇಡಬಹುದಾದ ಇನ್ನೊಂದು ಪಠ್ಯವನ್ನೂ ಇಲ್ಲಿ ಓದಲು ನೋಡುತ್ತೇನೆ.

2021ರ ಆಗಸ್ಟ್ 24ರ ಸಂಜೆ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವರು ಅಲ್ಲಿಗೆ ಹೋಗಬಾರದಿತ್ತು ಎಂಬ ಅರ್ಥದ ಮಾತನ್ನು ಆಗಿನ ಗೃಹ ಸಚಿವರು ಆಡಿದರು. ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾಲಯದ ಸುತ್ತೋಲೆ ಹೊರಬಿತ್ತು: ಸಂಜೆ 6.30ರ ನಂತರ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಬ್ಬೊಬ್ಬರೇ ಓಡಾಡುವಂತಿಲ್ಲ, ಕುಕ್ಕರಹಳ್ಳಿ ಕೆರೆಯ ಬಳಿ ಕೂರುವಂತಿಲ್ಲ. ತೀವ್ರ ಟೀಕೆ ಬಂದ ಮೇಲೆ ವಿಶ್ವವಿದ್ಯಾಲಯ ಹಿಂದೆ ಸರಿಯಬೇಕಾಯಿತು.

ಈ ಸುತ್ತೋಲೆಯ ವ್ಯಾಕರಣ ನೋಡಿ. ಅಪರಾಧ ನಡೆದದ್ದು ಕ್ಯಾಂಪಸ್ಸಿನ ಹೊರಗೆ, ನಿಷೇಧ ಬಿದ್ದದ್ದು ಒಳಗೆ. ಅಪರಾಧದ ಕರ್ತೃ ಗಂಡಸರು, ಆದೇಶದ ಕರ್ತೃ ಹೆಣ್ಣುಮಕ್ಕಳು. ಏನನ್ನೂ ಮಾಡದವರಿಗೆ ‘ಮಾಡುವಂತಿಲ್ಲ’ ಎನ್ನುವ ಕ್ರಿಯಾಪದ. ದೀಪ ಹಾಕಿಸುತ್ತೇವೆ, ಬಸ್ಸು ಬಿಡುತ್ತೇವೆ, ದೂರು ಕೊಟ್ಟರೆ ಇಂಥವರು ಕೇಳುತ್ತಾರೆ ಎಂದು ವಿಶ್ವವಿದ್ಯಾಲಯ ತನ್ನನ್ನೇ ಕರ್ತೃವಾಗಿಸಿಕೊಂಡು ವಾಕ್ಯ ಬರೆಯಬಹುದಿತ್ತು. ಮಾನಸಗಂಗೋತ್ರಿ ಎಂಬ ಹೆಸರು ಕೊಟ್ಟ ಕುವೆಂಪು ಈ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಕುಕ್ಕರಹಳ್ಳಿ ಕೆರೆಯ ಸಂಜೆಗಳು ಅವರ ಕಾವ್ಯದೊಳಗೆ ಬಂದಿವೆ. ಆ ಸಂಜೆಯನ್ನು ಪಠ್ಯದಲ್ಲಿ ಓದಬೇಕಾದ ಹುಡುಗಿ ಅದೇ ಸಂಜೆ ಅದೇ ಕೆರೆಯ ಬಳಿ ಕೂರಬಾರದು ಎಂದಾದರೆ, ಕನ್ನಡ ಎಂ.ಎ. ತರಗತಿಯಲ್ಲಿ ನಾವು ಕಲಿಸುತ್ತಿರುವುದಾದರೂ ಏನು?

ಎದುರಿಗಿಡಬೇಕಾದ ಪಠ್ಯ ಹೊಸದೇನಲ್ಲ. ರಾಜಸ್ಥಾನದ ಭಂವರಿ ದೇವಿಯ ಪ್ರಕರಣದ ಹಿನ್ನೆಲೆಯಲ್ಲಿ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, 2013ರಲ್ಲಿ ಕಾಯ್ದೆ ಬಂತು. ಅದೇ ವರ್ಷ ಯುಜಿಸಿಯ ಕಾರ್ಯಪಡೆ ‘ಸಕ್ಷಮ್’ ಎಂಬ ವರದಿ ಕೊಟ್ಟಿತು. ಬಳಿಕ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ಯುಜಿಸಿಯ 2015ರ ನಿಯಮಾವಳಿ ಬಂತು. ಹೆಣ್ಣುಮಕ್ಕಳ ಸುರಕ್ಷತೆಯ ನೆಪದಲ್ಲಿ ಹಾಸ್ಟೆಲುಗಳಲ್ಲಿ ತಾರತಮ್ಯದ ನಿಯಮ ಹೇರಬಾರದು, ಭದ್ರತೆ ಎಂದರೆ ಕಾವಲು ಕಾಯುವುದೂ ಓಡಾಟ ಮೊಟಕುಗೊಳಿಸುವುದೂ ಆಗಬಾರದು ಎಂದು ಅದು ನೇರವಾಗಿಯೇ ಹೇಳುತ್ತದೆ. ಬೆಳಕು, ಸಾರಿಗೆ, ಆರೋಗ್ಯ, ಆಪ್ತಸಮಾಲೋಚನೆ, ಇವೆಲ್ಲ ಸಂಸ್ಥೆಯ ಹೊಣೆ ಎನ್ನುತ್ತದೆ. ಹೆಚ್ಚಾಗಿ ಮಹಿಳೆಯರು ಗುರಿಯಾದರೂ ಕೆಲವು ಹುಡುಗರೂ ತೃತೀಯ ಲಿಂಗಿ ವಿದ್ಯಾರ್ಥಿಗಳೂ ಗುರಿಯಾಗಬಹುದು ಎಂಬುದನ್ನು ಒಪ್ಪಿಕೊಳ್ಳುತ್ತದೆ. ಮೈಸೂರಿನ ಸುತ್ತೋಲೆ ಹೊರಟಾಗ ಈ ನಿಯಮಾವಳಿ ಜಾರಿಯಲ್ಲಿತ್ತು.

ನಾನು ಕುಡುಮಲಕುಂಟೆಯ ಕಡೆಯಿಂದ ಬಂದವಳು. ಗೌರಿಬಿದನೂರು ತಾಲ್ಲೂಕಿನ ಈ ಊರು ಈಗ ಕೈಗಾರಿಕಾ ಪ್ರದೇಶವೆಂದೇ ಹೆಚ್ಚು ಪರಿಚಿತ. ಇಲ್ಲಿನ ಕಣ್ಣಿನಿಂದ ನೋಡಿದರೆ ಆರೂವರೆಯ ಗೆರೆ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಕರ್ನಾಟಕ ಸರ್ಕಾರ 2019ರಲ್ಲಿ ಕಾರ್ಖಾನೆಗಳಲ್ಲಿ ಮಹಿಳೆಯರು ರಾತ್ರಿ ಪಾಳಿ ಮಾಡಲು ಅನುಮತಿ ಕೊಟ್ಟಿತು. ಸಾರಿಗೆ, ಬೆಳಕು, ಲೈಂಗಿಕ ಕಿರುಕುಳದ ತಡೆ, ಇಂಥ ಷರತ್ತುಗಳನ್ನು ಮಾಲೀಕರ ಮೇಲೆ ಹಾಕಿತು. ಆ ಷರತ್ತುಗಳು ಎಷ್ಟು ಪಾಲನೆಯಾಗುತ್ತವೆ ಎಂಬುದು ಬೇರೆ ಪ್ರಶ್ನೆ. ಆದರೆ ವಾಕ್ಯದ ಕರ್ತೃ ಯಾರು ಎಂಬುದರಲ್ಲಿ ಅಲ್ಲಿ ಗೊಂದಲವಿಲ್ಲ: ಮಾಲೀಕ. ತಾಯಿ ದುಡಿಮೆಗಾಗಿ ಕತ್ತಲಲ್ಲಿ ಓಡಾಡುವುದಾದರೆ ದೀಪ, ವಾಹನ; ಮಗಳು ಓದಿಗಾಗಿ ಓಡಾಡುವುದಾದರೆ ನಿಷೇಧ. ಹೆಣ್ಣಿನ ದುಡಿಮೆ ರಾಜ್ಯಕ್ಕೆ ಬೇಕು, ಅವಳ ಲೈಬ್ರರಿಯ ಸಂಜೆ ಯಾರಿಗೂ ಬೇಡ ಎಂಬಂತಾಯಿತು.

ಇನ್ನು ಪದಗಳ ಮಾತು. ‘ಲೈಂಗಿಕ ಕಿರುಕುಳ’ ಎನ್ನುತ್ತೇವೆ. ಕಿರು ಎಂದರೆ ಚಿಕ್ಕದು. ಹಳೆಯ ಬಳಕೆಯಲ್ಲಿ ಕಿರುಕುಳ ಎಂದರೆ ಅಲ್ಪವಾದದ್ದು, ಕ್ಷುಲ್ಲಕವಾದದ್ದು. ಸೊಳ್ಳೆಯ ಕಾಟಕ್ಕೂ ಮಾರ್ಗದರ್ಶಕರ ಕೈಗೂ ಒಂದೇ ಪದವಾದಾಗ, ಕೇಳಿದವರ ಮನಸ್ಸು ‘ಅಷ್ಟೇ ತಾನೇ’ ಎನ್ನಲು ಮೊದಲೇ ತಯಾರಾಗಿರುತ್ತದೆ. ‘ಚುಡಾಯಿಸುವುದು’ ಅದನ್ನು ತಮಾಷೆಯ ಪಕ್ಕಕ್ಕೆ ತಂದಿಡುತ್ತದೆ. ‘ಮಾನಭಂಗ’ದಲ್ಲಿ ಮುರಿದದ್ದು ಅವಳ ಮಾನ, ಅವನದಲ್ಲ. ‘ದೌರ್ಜನ್ಯ’ ತೂಕದ ಪದ ನಿಜ. ಆದರೆ ಅದು ದುರ್ಜನನೊಬ್ಬನನ್ನು ಹುಡುಕುತ್ತದೆ. ಸಜ್ಜನರೆನಿಸಿಕೊಂಡ, ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳುವ ಪ್ರಾಧ್ಯಾಪಕರ ಮೇಲೆ ಅದನ್ನು ಬಳಸಲು ಬಾಯಿ ಬರುವುದಿಲ್ಲ. ‘ದೂರು’ ಎಂಬುದು ಕಂಪ್ಲೇಂಟೂ ಹೌದು, ನಿಂದೆಯೂ ಹೌದು. ದೂರು ಕೊಟ್ಟವಳು ದೂರಿದವಳೂ ಆಗಿಬಿಡುತ್ತಾಳೆ. ನಮ್ಮ ಗಡಿಯ ತೆಲುಗು ಮನೆಗಳಲ್ಲಿ ಇದಕ್ಕೆಲ್ಲ ಒಂದೇ ಉತ್ತರವಿದೆ, ‘ಪರುವು’. ಪರುವು ಹೋಗುತ್ತದೆ, ಸುಮ್ಮನಿರು. ಹೋಗುವುದು ಮಗಳ ಪರುವು, ಮನೆಯ ಪರುವು. ತಪ್ಪು ಮಾಡಿದವನ ಪರುವು ಹೋಗುವ ಮಾತನ್ನು ನಾನು ಈ ಕಡೆ ಹೆಚ್ಚು ಕೇಳಿಲ್ಲ.

ಪದಗಳನ್ನು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಿಲ್ಲ. ಆದರೆ ತಡೆಗಟ್ಟುವ ಕೆಲಸ ಶುರುವಾಗುವುದು ಇಲ್ಲಿಂದಲೇ. ಹುಡುಗಿಗೆ ತನಗಾದದ್ದನ್ನು ಹೇಳಲು ತನ್ನ ನುಡಿಯಲ್ಲಿ ನಾಚಿಕೆಯಿಲ್ಲದ ಪದಗಳು ಬೇಕು. ದಾಖಲಾತಿಯ ದಿನ ಕೊಡುವ ಹಾಳೆಯಲ್ಲಿ ಇಂಗ್ಲಿಷಿನ ಕಾಯ್ದೆಯ ಕಲಮುಗಳ ಬದಲು ಹೀಗಿರಲಿ: ಬೇಡವೆಂದರೂ ಮುಟ್ಟುವುದು, ಮೈಯ ಬಗ್ಗೆ ಮಾತಾಡುವುದು, ಇಂಟರ್ನಲ್ ಅಂಕದ ಆಸೆ ಅಥವಾ ಭಯ ತೋರಿಸಿ ಏನನ್ನಾದರೂ ಕೇಳುವುದು, ರಾತ್ರಿ ಹೊತ್ತು ಅಸಭ್ಯ ಮೆಸೇಜು ಕಳಿಸುವುದು, ಇವೆಲ್ಲ ತಪ್ಪು, ಇಂಥ ಜಾಗದಲ್ಲಿ, ಇಂಥವರಿಗೆ ಹೇಳಬಹುದು. ಇದನ್ನು ಹುಡುಗರ ಕೈಗೂ, ಅಧ್ಯಾಪಕರ ಕೈಗೂ ಕೊಡಬೇಕು.

ಹೇಳಿದ ಮೇಲೆ ಏನಾಗಬೇಕು? ನಿಯಮಾವಳಿಯ ನಿಜವಾದ ಬಲ ಇರುವುದು ಇಲ್ಲಿ. ಆಂತರಿಕ ದೂರು ಸಮಿತಿಗೆ ಹಿರಿಯ ಅಧ್ಯಾಪಕಿ ಅಧ್ಯಕ್ಷೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರೊಬ್ಬರು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ಸಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ಶಿಫಾರಸಿನ ಮೇಲೆ 30 ದಿನಗಳಲ್ಲಿ ಕ್ರಮ ಆಗಬೇಕು. ನನ್ನ ಓದಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮಧ್ಯಂತರ ಪರಿಹಾರದ ಭಾಗ: ವಿಚಾರಣೆ ನಡೆಯುವಾಗ ಆರೋಪಿತರು ದೂರುದಾರಳ ಪರೀಕ್ಷೆ, ಪ್ರಬಂಧ, ಕೆಲಸದ ಮೌಲ್ಯಮಾಪನ ಮಾಡದಂತೆ ತಡೆಯಬಹುದು. ಕ್ಯಾಂಪಸ್ಸಿನಲ್ಲಿ ಅಧಿಕಾರ ಇರುವುದು ಸಹಿಯಲ್ಲಿ ಎಂಬುದನ್ನು ಈ ಕಲಮು ಬರೆದವರು ತಿಳಿದಿದ್ದರು. ಪಿಎಚ್.ಡಿ. ಮಾಡುವವಳ ಐದು ವರ್ಷ ಒಬ್ಬರ ಸಹಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಆ ಸಹಿಯನ್ನು ಮೊದಲು ಬಿಡಿಸಿಕೊಡದೆ ಅವಳನ್ನು ‘ಧೈರ್ಯವಾಗಿ ಮುಂದೆ ಬಾ’ ಎನ್ನುವುದು ಕ್ರೂರವಾದ ಮಾತು.

ಪಠ್ಯ ಚೆನ್ನಾಗಿದೆ, ನೆಲ ಬೇರೆ. ವಿದ್ಯಾರ್ಥಿಗಳು ಭಾಗಿಯಾದ ಪ್ರಕರಣದಲ್ಲಿ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಸಮಿತಿಯಲ್ಲಿರಬೇಕು ಎನ್ನುತ್ತದೆ ನಿಯಮ. ಕರ್ನಾಟಕದ ಕಾಲೇಜುಗಳಲ್ಲಿ 1980ರ ದಶಕದ ಕೊನೆಯಿಂದ ವಿದ್ಯಾರ್ಥಿ ಚುನಾವಣೆಗಳೇ ನಿಂತಿವೆ. ಚುನಾವಣೆ ನೋಡದ ಕಾಲೇಜಿನಲ್ಲಿ ಆ ಮೂವರನ್ನು ಪ್ರಾಂಶುಪಾಲರೇ ಆರಿಸುವುದು ಸುಲಭ. ತಾಲ್ಲೂಕಿನ ಸಣ್ಣ ಕಾಲೇಜಿನಲ್ಲಂತೂ ಅಧ್ಯಕ್ಷೆಯೂ ಆರೋಪಿತರೂ ಒಂದೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವವರು. ಅದಕ್ಕೇ ಹೊರಗಿನ ಸದಸ್ಯರ ಆಯ್ಕೆ ಶಾಸ್ತ್ರಕ್ಕೆ ಆಗಬಾರದು. ಊರ ಗಣ್ಯರ ಬದಲು ವಕೀಲೆಯೋ ಮಹಿಳಾ ಸಂಘಟನೆಯವರೋ ಬರಬೇಕು.

ಸುಳ್ಳು ದೂರಿನ ಭಯವನ್ನು ತಳ್ಳಿಹಾಕುವಂತಿಲ್ಲ. ಎಸ್.ಎಲ್. ಭೈರಪ್ಪನವರ ‘ಕವಲು’ (2010) ಮಹಿಳಾಪರ ಕಾನೂನಿನ ದುರ್ಬಳಕೆಯನ್ನೇ ವಸ್ತುವಾಗಿಸಿಕೊಂಡಿತು; ಬಹಳ ಬೇಗ ಮರುಮುದ್ರಣಗಳನ್ನೂ ಕಂಡಿತು. ಅದು ಅಷ್ಟು ಓದಿಸಿಕೊಂಡಿತೆಂದರೆ ಆ ಭಯ ನಮ್ಮ ಸಮಾಜದಲ್ಲಿ ಆಳವಾಗಿತ್ತು ಎಂದರ್ಥ. ಆದರೆ ಕಾದಂಬರಿ ಕೊಡುವುದು ಪಾತ್ರಗಳನ್ನು. ನ್ಯಾಯಕ್ಕೆ ಬೇಕಾದದ್ದು ಕ್ರಮ. ಉದ್ದೇಶಪೂರ್ವಕ ಸುಳ್ಳು ದೂರಿಗೆ ಶಿಕ್ಷೆಯಿದೆ ಎನ್ನುವ 2013ರ ಕಾಯ್ದೆ, ಸಾಬೀತು ಮಾಡಲಾಗದ್ದೆಲ್ಲ ಸುಳ್ಳಲ್ಲ ಎಂದೂ ಹೇಳುತ್ತದೆ. ಆರೋಪಿತರಿಗೂ ಉತ್ತರ ಕೊಡಲು ಅವಕಾಶವಿದೆ, ಮೇಲ್ಮನವಿಯಿದೆ. ಸುಳ್ಳಿಗೆ ನಿಜವಾಗಿ ಹೆದರುವವರು ಸಮಿತಿ ಬಲವಾಗಿರಲಿ ಎನ್ನಬೇಕು. ಅದು ಇರುವುದೇ ಬೇಡ ಎನ್ನುವವರು ಹೆದರುತ್ತಿರುವುದು ಬೇರೆ ಯಾವುದಕ್ಕೋ.

ನಮ್ಮ ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಆ ಸಮಿತಿಗೆ ಯಾರನ್ನೂ ಕರೆಸುವ ಅಧಿಕಾರವಿರಲಿಲ್ಲ, ಇದ್ದದ್ದು ಪ್ರಶ್ನೆಯೊಂದೇ. ಆದರೂ ಎಷ್ಟೇ ಪೂಜ್ಯರಾದರೂ ಪ್ರಶ್ನೆಗೆ ಹೊರತಲ್ಲ ಎಂಬ ಪಾಠವನ್ನು ವಿಶ್ವವಿದ್ಯಾಲಯವೊಂದು ಅಂದು ನಾಡಿಗೆ ಕಲಿಸಿತು. ಇಂದಿನ ಆಂತರಿಕ ಸಮಿತಿಗೆ ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆದರೆ ‘ಗುರು’ ಎಂಬ ಪದದ ಮುಂದೆ ಅದರ ದನಿ ಉಡುಗುತ್ತದೆ. ಬಾಬಾಗಳನ್ನು ಪ್ರಶ್ನಿಸಿದ ವಿಚಾರವಂತಿಕೆ ತನ್ನದೇ ಸ್ಟಾಫ್ ರೂಮನ್ನು ಪ್ರಶ್ನಿಸಲು ಅಳುಕಿದರೆ ಅದು ಅರ್ಧ ವಿಚಾರವಂತಿಕೆ.

ಹಾಗಾಗಿ ಮುಂದಿನ ಸುತ್ತೋಲೆ ಬಂದಾಗ ಓದುಗರು ಒಂದೇ ಒಂದು ಕೆಲಸ ಮಾಡಲಿ. ಅದರ ಪ್ರತಿ ವಾಕ್ಯದ ಕರ್ತೃ ಯಾರೆಂದು ಗುರುತು ಹಾಕಲಿ. ‘ವಿದ್ಯಾರ್ಥಿನಿಯರು’ ಎಂದೇ ಎಲ್ಲ ವಾಕ್ಯಗಳೂ ಶುರುವಾದರೆ ಅದನ್ನು ವಾಪಸ್ಸು ಕಳಿಸಿ, ‘ವಿಶ್ವವಿದ್ಯಾಲಯವು’ ಎಂದು ಬರೆದು ತರಲು ಹೇಳಲಿ.