ಹಿಂದಿನ ಅಂಕಣದ ಅಶ್ವಿನಿ

ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಹಿಂದೆ ನಿಂತು ಹೊಡೆಯುವವರ ದುಡಿಮೆ ಎಷ್ಟೆಂದು ನನಗೆ ಗೊತ್ತಾದದ್ದೇ ಬೆಂಗಳೂರಿನ ಅಶ್ವಿನಿ ಪೊನ್ನಪ್ಪ ಅವರ ಆಟ ನೋಡಿ. ಎದುರಾಳಿ ಎತ್ತಿದ ಷಟಲ್‌ನ ಕೆಳಗೆ ಓಡಿ ಬಂದು, ಜಿಗಿದು, ಆಚೆಯ ಇಬ್ಬರ ನಡುವಿನ ಸಂದಿಗೇ ಸ್ಮ್ಯಾಶ್ ಇಳಿಸುತ್ತಿದ್ದರು. ಅದು ತಿರುಗಿ ಬಂದರೆ ಮತ್ತೊಂದು, ಮಗದೊಂದು. ಕೊನೆಗೆ ತಡವರಿಸಿ ಬಂದದ್ದನ್ನು ಮುಗಿಸಲು ನೆಟ್ ಬಳಿ ಎಡಗೈ ಆಟಗಾರ್ತಿ ಜ್ವಾಲಾ ಗುಟ್ಟಾ ಕಾದಿರುತ್ತಿದ್ದರು. 2010ರ ದೆಹಲಿ ಕಾಮನ್‌ವೆಲ್ತ್ ಚಿನ್ನ, 2011ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್ ಕಂಚು ಬಂದದ್ದು ಹೀಗೆ.

ಪದಕಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಜೊತೆಗಾರ್ತಿ ಬದಲಾದರೆ ಯಾರು ಎಲ್ಲಿ ನಿಲ್ಲಬೇಕು ಎಂಬುದರಿಂದಲೇ ಶುರುಮಾಡಬೇಕು. ಅಶ್ವಿನಿ ಹಾಗೆ ಮತ್ತೆ ಮತ್ತೆ ಶುರುಮಾಡಿದರು: ಸಿಕ್ಕಿ ರೆಡ್ಡಿ ಜೊತೆ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕಂಚು ಗೆದ್ದರು. 34ರ ವಯಸ್ಸಿನಲ್ಲಿ, ತಮಗಿಂತ ತೀರಾ ಕಿರಿಯಳಾದ ತನಿಷಾ ಕ್ರಾಸ್ಟೊ ಜೊತೆ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಹೋದರು.