ಚೋಮನ ಎತ್ತು, ಚೆಂಬನ್‌ಕುಂಞುವಿನ ದೋಣಿ

ಆಲುವದ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ‘ಚೆಮ್ಮೀನ್’ ಕಾದಂಬರಿಯನ್ನು ಓದಿದವರಿಗಿಂತ ಅದರ ಚಲನಚಿತ್ರವನ್ನು ನೋಡಿದವರೇ ಹೆಚ್ಚೆಂದು ತೋರುತ್ತದೆ. ಮಲೆಯಾಳದ ಮಾತು ಕಿವಿಗೆ ಬೇಗ ಒಗ್ಗುತ್ತದೆ. ಲಿಪಿಯೊಡನೆ ಕಣ್ಣು ಪಳಗಲು ಕಾಲ ಬೇಕು. ತಕಳಿ ಶಿವಶಂಕರ ಪಿಳ್ಳೆಯವರ ಕೃತಿ 1956ರಲ್ಲಿ ಪ್ರಕಟವಾಗಿ, ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ರಾಮು ಕಾರ್ಯಾಟರ ಚಿತ್ರ 1965ರಲ್ಲಿ ಹೊರಬಂದು, ದಕ್ಷಿಣದ ಚಿತ್ರವೊಂದಕ್ಕೆ ಮೊದಲ ಬಾರಿಗೆ ರಾಷ್ಟ್ರಪತಿಗಳ ಸುವರ್ಣ ಪದಕವನ್ನು ತಂದಿತು. ಚಿತ್ರ ಸುಂದರವಾದುದು, ಆ ಸೌಂದರ್ಯವೇ ಮೂಲಕೃತಿಗೆ ತೆರೆಯಾಗಿ ನಿಂತಿದೆಯೆಂಬುದು ನಮ್ಮ ದೂರು.

ತೆರೆಯ ಹಿಂದೆ ಉಳಿದುದು ಸಾಲದ ಕಥೆ. ಚೆಂಬನ್‌ಕುಂಞುವಿಗೆ ಸ್ವಂತ ದೋಣಿ, ಸ್ವಂತ ಬಲೆ ಬೇಕು. ಹುಟ್ಟಿನ ಕಟ್ಟಳೆಯಂತೆ ಆ ಹಕ್ಕು ಅವನದಲ್ಲ, ವಲಕ್ಕಾರರದು. ಅವನು ಪರೀಕುಟ್ಟಿಯಿಂದ ಹಣವನ್ನೂ ಒಣಮೀನನ್ನೂ ಪಡೆದು ದೋಣಿ ಕೊಳ್ಳುತ್ತಾನೆ, ಕೊಟ್ಟ ಮಾತನ್ನು ಮರೆಯುತ್ತಾನೆ. ಆ ಋಣದ ಭಾರವೆಲ್ಲ ಬೀಳುವುದು ಮಗಳು ಕರುತ್ತಮ್ಮನ ಎದೆಯ ಮೇಲೆ. ಇದನ್ನು ಓದುವಾಗ ಕನ್ನಡಿಗನಿಗೆ ಶಿವರಾಮ ಕಾರಂತರ ‘ಚೋಮನ ದುಡಿ’ (1933) ನೆನಪಾಗದಿದ್ದೀತೆ? ಚೋಮನ ಬಳಿ ಜೋಡಿ ಎತ್ತುಗಳಿವೆ, ಉಳಲು ನೆಲವಿಲ್ಲ. ಹೊಲೆಯನಿಗೆ ಬೇಸಾಯ ಸಲ್ಲದೆಂಬುದು ಊರಿನ ಕಟ್ಟಳೆ. ಅವನ ಸಾಲವನ್ನು ತೀರಿಸಲು ಕಾಫಿ ತೋಟಕ್ಕೆ ಹೋದ ಬೆಳ್ಳಿ ಅದಕ್ಕೆ ತೆತ್ತ ಬೆಲೆಯನ್ನು ಬಲ್ಲೆವು. ಒಬ್ಬನಿಗೆ ನೆಲ, ಇನ್ನೊಬ್ಬನಿಗೆ ದೋಣಿ. ಇಬ್ಬರ ಆಸೆಗೂ ಲೆಕ್ಕ ಚುಕ್ತಾ ಮಾಡುವವಳು ಮಗಳು.

ಗಂಡ ಕಡಲಿನಲ್ಲಿರುವಾಗ ದಡದಲ್ಲಿ ಹೆಂಡತಿ ಶೀಲ ತಪ್ಪಿದರೆ ಕಡಲಮ್ಮ ಅವನನ್ನು ನುಂಗುತ್ತಾಳೆಂಬ ನಂಬಿಕೆಯನ್ನು ಕಾದಂಬರಿ ತಾಯಿ ಚಕ್ಕಿಯ ಬಾಯಿಂದ ಹೇಳಿಸುತ್ತದೆ. ಇದು ಮೀನುಗಾರರ ನಿಜವಾದ ನಂಬಿಕೆಯೇ ಅಲ್ಲವೆಂಬ ಆಕ್ಷೇಪವೂ ಕೇಳಿಬಂದಿದೆ. ಆದರೆ ತಕಳಿಯವರು ಕಡಲಮ್ಮನನ್ನೇ ನ್ಯಾಯಾಧೀಶಳನ್ನಾಗಿ ಕೂರಿಸಿದರೆನ್ನಲಾರೆವು. ಪಳನಿಯ ಸಾವನ್ನು ಗಮನಿಸಿರಿ. ಹೆಂಡತಿಯ ಮೇಲಿನ ಅಪವಾದದಿಂದಾಗಿ ಜೊತೆಯ ಬೆಸ್ತರು ಅವನೊಡನೆ ದೋಣಿ ಏರಲು ಒಲ್ಲರು. ಅಂಥ ಹುಟ್ಟುಗಾರ ಕೊನೆಗೆ ಪುಟ್ಟ ದೋಣಿಯೊಂದರಲ್ಲಿ ಗಾಳ ಹಿಡಿದು ಒಬ್ಬಂಟಿಯಾಗಿ ಹೋಗಬೇಕಾಯಿತು. ಇರುಳಿನಲ್ಲಿ ಅವನನ್ನು ಹಾಗೆ ಒಂಟಿಯಾಗಿ ಕಳುಹಿಸಿದವಳು ದೇವಿಯಲ್ಲ, ಊರಿನ ನಾಲಿಗೆ. ತೆರೆಯ ಮೇಲಾದರೋ ಮಾರ್ಕಸ್ ಬಾರ್ಟ್ಲಿಯವರ ಕಡಲು, ಸಲಿಲ್ ಚೌಧರಿಯವರ ಸಂಗೀತ, ಮನ್ನಾ ಡೇ ಅವರ ಕಂಠ ಇವೆಲ್ಲ ಕೂಡಿ ಪ್ರೇಕ್ಷಕನನ್ನು ಕಡಲಮ್ಮನ ಭಕ್ತನನ್ನಾಗಿಯೇ ಮಾಡಿಬಿಡುತ್ತವೆ. ಊರಿನ ನಾಲಿಗೆ ಅಲ್ಲಿ ಕೇಳಿಸದೆಂದಲ್ಲ. ಹಾಡಿನ ಮುಂದೆ ಅದು ಸಣ್ಣದಾಗುತ್ತದೆ.

ಬಿ. ವಿ. ಕಾರಂತರ ‘ಚೋಮನ ದುಡಿ’ (1975) ಈ ಮೋಹಕ್ಕೆ ಅಷ್ಟಾಗಿ ಒಳಗಾಗಲಿಲ್ಲ. ಅದಕ್ಕೆ ಸ್ವರ್ಣಕಮಲ ದೊರೆತುದೂ, ಚೋಮನಾದ ಎಂ. ವಿ. ವಾಸುದೇವರಾಯರು ಶ್ರೇಷ್ಠ ನಟರೆನಿಸಿದುದೂ ಪ್ರಸಿದ್ಧವೇ ಆಗಿದೆ. ಅಲ್ಲಿಯೂ ದುಡಿಯ ನಾದವಿದೆ. ಆದರೆ ಅದು ನೆಲ ಸಿಗದವನ ಸಿಟ್ಟಾಗಿಯೇ ಉಳಿಯುತ್ತದೆ, ನೋವಿಗೆ ಮುಲಾಮಾಗುವುದಿಲ್ಲ.

ಕಾರ್ಯಾಟರಿಗೆ ಅನ್ಯಾಯವಾಗಬಾರದು. ಅವರ ಚಿತ್ರದಲ್ಲಿಯೂ ಕೊಟ್ಟಾರಕ್ಕರ ಶ್ರೀಧರನ್ ನಾಯರ್ ಚೆಂಬನ್‌ಕುಂಞುವಾಗಿ ಕಾಣಿಸಿಕೊಂಡಾಗಲೆಲ್ಲ ಹಾಡು ಮರೆತುಹೋಗುತ್ತದೆ. ದೋಣಿಯ ಆಸೆ ಮನುಷ್ಯನನ್ನು ಹೇಗೆ ಎತ್ತಿ ಹೇಗೆ ಒಗೆಯಿತೆಂಬುದು ಆ ಮುಖದಲ್ಲಿಯೇ ಕಾಣುತ್ತದೆ. ಚಿತ್ರವನ್ನು ಮಾತ್ರ ಕಂಡ ಮಿತ್ರರು ಆ ಮುಖವನ್ನು ಹಿಡಿದುಕೊಂಡೇ ಕಾದಂಬರಿಯನ್ನು ಪ್ರವೇಶಿಸಬಹುದು.